ಸುಂಕಮ್ಮನ ನೆಗೆಟಿವ್

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದೆ
ನಮ್ಮಪ್ಪ ಇಟ್ಟ ಫೋಟೋ ಸ್ಟುಡಿಯೋ.
ನಲವತ್ತು ವರ್ಷ ಅವನು ಮಾಡಿದ್ದು ಹೆಚ್ಚೂಕಡಿಮೆ ಒಂದೇ ಕೆಲಸ:
ಮದುವೆಗೆ ನಿಂತ ಹುಡುಗಿಯರ ಮುಖದಿಂದ
ಬಿಸಿಲು ತೆಗೆಯುವುದು.

ಬ್ಲೇಡಿನಲ್ಲಿ ಹೆರೆದ ಪೆನ್ಸಿಲ್ಲಿನ ಮೊನೆ,
ನೆಗೆಟಿವಿನ ಕೆನ್ನೆಗೆ ಇರುವೆಗಾಲಿನಂಥ ಗೀರು.
ಅಲ್ಲಿ ಕಪ್ಪು ತೀಡಿದಷ್ಟೂ ಕಾಗದದಲ್ಲಿ ಬಿಳುಪು.
'ಬೆಳ್ಳಗಾಗಾಕೂ ಕಪ್ಪೇ ಬೇಕು ನೋಡಲೇ'
ಅಂತ ಬೀಡಿ ಕಚ್ಚಿಕೊಂಡೇ ನಗುತ್ತಿದ್ದ.

ಈಗ ನನ್ನ ಕೈಯಲ್ಲಿ ಮೌಸು.
ಪರದೆಯ ಮೇಲೊಂದು ಗುಂಡಿ ಅತ್ತಿತ್ತ ಜಾರುತ್ತದೆ.
ಬಲಕ್ಕೆ ಎರಡು ಬೆರಳು ಸರಿಸಿದರೆ
ಎಷ್ಟೋ ಸಾವಿರ ಬೇಸಿಗೆ ಅಳಿಸಿಹೋಗುತ್ತವೆ.

ಮೊನ್ನೆ ಹುಸೇನಮ್ಮ ಬಂದಳು, ಹಿರೀ ಮಗಳ ಜೊತೆ.
ಗಂಡಿನವರು ಕರ್ನೂಲಿನವರು, ಫೋಟೋ ಕೇಳಿದ್ದಾರೆ.
'ಸ್ವಲ್ಪ ಬೆಳ್ಳಗ ತೆಗಿ ಉರುಕುಂದಿ.
ಇವಳ ತಂಗಿ ಗೋದಿಬಣ್ಣ.
ಒಂದೇ ಹೊಟ್ಟಿ, ಒಂದೇ ಒಲಿ,
ಇಕಿ ಒಬ್ಬಾಕಿ ಯಾರ ಸಾಲ ತೀರ್ಸಾಕ ಹುಟ್ಟಿದಳೋ!'

ಶೈಲಶ್ರೀ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು.
ಸ್ಟೂಲಿನಿಂದ ಏಳದೆ ಹೇಳಿದಳು:
'ಸಾಲ ಅಲ್ಲಮ್ಮ. ಕರೆಂಟು ಹೋದಾಗ
ಹತ್ತಾರು ಮಂದಿ ಬಂದು ಒಂದೇ ಸಾರಿಗೆ ಉಪ್ಪು ಹಾಕಿದಂಗ.
ಮುತ್ತಜ್ಜ ಒಂದು ಹಿಡಿ, ಅಪ್ಪನ ಕಡೆಯೋರು ಒಂದು ಚಿಟಿಕೆ,
ಯಾರೋ ಮರೆತರು, ಯಾರೋ ಎರಡು ಸಲ ಹಾಕಿದರು.
ತಂಗಿಗೂ ನನಗೂ ಅಡಿಗೆಮನೆ ಒಂದೇ,
ಬಡಿಸಿದ ಸೌಟು ಬೇರೆ.'

'ಆ ಉಪ್ಪರ ಯಾಕ ಬೇಕಿತ್ತು?'

ಹುಡುಗಿ ಕಿಟಕಿಯಾಚೆ ಬೆರಳು ತೋರಿದಳು.
ಮಧ್ಯಾಹ್ನ ಎರಡು ಗಂಟೆ. ಲಾರಿಯಿಂದ ಹತ್ತಿ ಅಂಡಿಗೆ ಇಳಿಸುವ ಹಮಾಲರು,
ನೆತ್ತಿಗೆ ಮಡಚಿ ಸುತ್ತಿದ ಟವೆಲ್ಲು.
'ಚರ್ಮದ ಒಂದೊಂದು ಕೋಶವೂ ಹಂಗೇ.
ಒಳಗಿನ ಬೀಜಕ್ಕೆ ಬಿಸಿಲು ಬಡೀಬಾರದಂತ
ಕಪ್ಪು ಟವೆಲ್ಲು ಸುತ್ತಿಕೊಂಡಿರತೈತಿ.
ಟವೆಲ್ಲು ನೇಯೋ ಲೆಕ್ಕ ಬರೆದಿರೋದೂ ಆ ಬೀಜದೊಳಗೇ.
ಮೋಡದ ದೇಶಕ್ಕೆ ನಡಕೊಂಡು ಹೋದೋರು
ತಲೆಮಾರಿನ ಮೇಲೆ ತಲೆಮಾರು ಅದನ್ನ ಸಡಿಲಿಸಿದರು,
ಎಲುಬಿಗೆ ಅಷ್ಟು ಬಿಸಿಲಾದರೂ ಸಿಗಬೇಕಲ್ಲ.
ನಮ್ಮೋರು ಇಲ್ಲಿ ನಿಂತರು. ಮೇ ತಿಂಗಳಾಗ ಆದೋನ್ಯಾಗ.
ಬಿಚ್ಚಂತೀಯೇನು?'

ಹುಸೇನಮ್ಮ ಸುಮ್ಮನಾದಳು. ಒಪ್ಪಿದಳೆಂದಲ್ಲ.
'ಗಂಡಿನ ತಾಯಿಗೆ ಇದನ್ನ ಹೇಳಾರ್ಯಾರು?'
ಅದಕ್ಕೆ ಲ್ಯಾಬಿನವಳ ಬಳಿಯೂ ಉತ್ತರವಿರಲಿಲ್ಲ.

ಏನು ಹೇಳಬೇಕೋ ತಿಳಿಯದೆ
ಅಪ್ಪನ ಬಿಸ್ಕತ್ತಿನ ಡಬ್ಬಿ ತೆಗೆದೆ.
ಒಂದು ನೆಗೆಟಿವ್ ಹುಡುಕಿ ಟ್ಯೂಬ್‌ಲೈಟಿಗೆ ಹಿಡಿದೆ:
ಹಾಲಿನಂಥ ಮುಖ, ಕಾಡಿಗೆಯಂಥ ಕೂದಲು.
'ಯಾರಪ್ಪ ಈ ಹುಡುಗಿ, ಎಷ್ಟು ಲಕ್ಷಣ ಅದಾಳ!'
'ನಿನ್ನ ಅತ್ತೆ ಸುಂಕಮ್ಮ. ಪಿಂಚಣಿಗೆ ತೆಗೆಸಿದ್ದು,
ಎಪ್ಪತ್ತೆರಡು ವರ್ಷಕ್ಕೆ.'

ಮೊದಲು ನಕ್ಕವಳು ಹುಸೇನಮ್ಮ,
ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಆಮೇಲೆ ಮಗಳು.
ಆಗ ಕ್ಲಿಕ್ಕಿಸಿದೆ.

ಸುಂಕಮ್ಮ ನನಗೆ ನೆನಪಿದ್ದಾಳೆ.
ಹಂಚಿನ ತಳದಂಥ ಮುಖದ ಮೇಲೆ ಅರಳಿದ ಹತ್ತಿಕಾಯಿ.
ಕೂದಲ ಬುಡದಲ್ಲಿ ಮಸಿ ತುಂಬುವ ಕೈಗಳು
ಒಂದೊಂದಾಗಿ ಕೆಲಸ ಬಿಟ್ಟು ಹೋಗಿದ್ದವು,
ಎಳೆ ಮಾತ್ರ ಬೆಳೆಯುತ್ತಲೇ ಇತ್ತು.
ಮುಖದ ಹಮಾಲರು ಕೊನೆಯವರೆಗೂ ರಜೆ ತೆಗೆದುಕೊಳ್ಳಲಿಲ್ಲ.

ಎರಡು ಪ್ರಿಂಟು ಹಾಕಿದೆ.
ಕರ್ನೂಲಿಗೆ ಹೋಗುವುದರಲ್ಲಿ ಗುಂಡಿಯನ್ನು ಅರ್ಧ ಬೆರಳು ಸರಿಸಿದ್ದೇನೆ,
ಸುಳ್ಳು ಹೇಳುವುದಿಲ್ಲ. ಅಂಗಡಿಗೆ ಬಾಡಿಗೆ ಇದೆ.
ಇನ್ನೊಂದಕ್ಕೆ ಹುಡುಗಿ ತನ್ನ ಪರ್ಸಿನಿಂದಲೇ ದುಡ್ಡು ಎಣಿಸಿದಳು,
ಅಜ್ಜಿಯ ನೆಗೆಟಿವ್ ಪುಕ್ಕಟೆ ಕೇಳಿದಳು. ಕೊಟ್ಟೆ.

ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು
ಮೀಸೆಗೆ ಡೈ ಹಚ್ಚುತ್ತಿದ್ದೆ.
ಹಳೇ ಬ್ರಷ್ಷಿನಿಂದ ಒಂದು ತೊಟ್ಟು ಕೆನ್ನೆಗೆ ಬಿತ್ತು.
ಒರೆಸಲು ಹೋಗಿ ನೋಡುತ್ತೇನೆ,
ಎಲ್ಲಿ ಬಿದ್ದದ್ದೆಂದೇ ಕಾಣುತ್ತಿಲ್ಲ.